ಫಾಲ್ ಎಂಬ ಕ್ರಿಯಾಪದ ಮತ್ತು ನಮ್ಮತ್ತೆ

ನನಗೆ ಇಂಗ್ಲಿಷ್ ಬರುವುದಿಲ್ಲ. ಬರುವುದು ಒಂದೇ ಒಂದು ಕ್ರಿಯಾಪದ, ಫಾಲ್. ಅದು ಮಾತ್ರ ಬುಡಸಮೇತ ಬರುತ್ತದೆ. ಇದನ್ನು ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ ಪಾಪ. ಅವರಿಗೆ ಸಾವಿರಗಟ್ಟಲೆ ಪದ ಗೊತ್ತು, ಆದರೆ ಯಾವುದರ ಜೊತೆಗೂ ಸಂಸಾರ ಮಾಡಿದವರಲ್ಲ. ನಾನು ಈ ಒಂದು ಪದದ ಜೊತೆ ಒಂದು ಇಡೀ ಚಳಿಗಾಲ ಒಂದೇ ಸೂರಿನಡಿ ಕಳೆದಿದ್ದೇನೆ.

ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತು. ನನ್ನ ತವರು ಶಿಕಾರಿಪುರದ ಪೇಟೆ, ಅಪ್ಪನದು ಕಾಳುಕಡ್ಡಿ ವ್ಯಾಪಾರ. ಕೊಟ್ಟದ್ದು ಸೊರಬದ ಹತ್ತಿರದ ಹಳ್ಳಿಗೆ, ಗದ್ದೆ ಮಾಡುವ ಮನೆಗೆ. ಎರಡೂ ಕಡೆ ವಿಭೂತಿ ಹಚ್ಚುವವರೇ, ಎರಡೂ ಕಡೆ ಕನ್ನಡವೇ, ಆದರೂ ನಾನು ಬಾಯಿ ಬಿಟ್ಟರೆ ಸಾಕು, ನೀರಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ‘ಬರ್ರಿ’, ‘ಐತಿ’ ಎನ್ನುವವಳು, ಅವರು ‘ಎಂತಾತು’, ‘ಐತೆ’ ಎನ್ನುವವರು. ನಮ್ಮತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಖುಷಿಯಿದ್ದರೆ ‘ಏ ಹುಡುಗಿ’, ಸಿಟ್ಟಿದ್ದರೆ ‘ಏ ಶಿಕಾರಿಪುರದೋಳೆ’. ಮಾವನವರು ಇರಲಿಲ್ಲ. ಅತ್ತೆಯೇ ಗದ್ದೆ, ಆಳು, ಎತ್ತು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಇದ್ದವರು ನಾವು ಮೂರೇ ಜನ. ಅತ್ತೆ, ಅವರ ಒಬ್ಬನೇ ಮಗ, ನಾನು.

ಆ ಒಬ್ಬನೇ ಮಗ ಸೊರಬದ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದದ್ದೆಲ್ಲ ಪಾಸು, ಇಂಗ್ಲಿಷ್ ಒಂದರಲ್ಲಿ ಡುಮ್ಕಿ. ಮತ್ತೆ ಕಟ್ಟಿದರು, ಮತ್ತೆ ಡುಮ್ಕಿ. ಅದೊಂದು ದಾಟಿದ್ದರೆ ಮಿಡ್ಲ್ ಸ್ಕೂಲಿಗೆ ಹೋಗಬಹುದಿತ್ತು. ಕೊನೆಗೆ ನಮ್ಮಪ್ಪನ ಅಂಗಡಿಯ ಹಿಂದಿನ ಬೀದಿಯಲ್ಲಿದ್ದ, ಪಿಂಚಣಿಯಾದ ಇಂಗ್ಲಿಷ್ ಮೇಷ್ಟ್ರೊಬ್ಬರನ್ನು ಹಿಡಿದರು. ಭಾನುವಾರ ಬಂದರೆ ಶಿಕಾರಿಪುರ. ಅಳಿಯತನವೂ ಆಯಿತು, ಪಾಠವೂ ಆಯಿತು ಎಂದು ನಾನು ಚುಚ್ಚುತ್ತಿದ್ದೆ.

ಆ ಹಿರಿಯ ಮೇಷ್ಟ್ರ ಪಾಠದ ರೀತಿಯೇ ಬೇರೆ. ‘ನೂರು ಪದ ಉರು ಹೊಡೀಬ್ಯಾಡ. ಒಂದು ಕ್ರಿಯಾಪದ ಹಿಡಿ, ಅದು ಎಲ್ಲೆಲ್ಲಿ ಹೋಗ್ತತಿ, ಯಾರ್‍ಯಾರ ಮನಿ ಹೊಗ್ತತಿ, ಅದರ ಅಣ್ಣತಮ್ಮರು ಯಾರು, ಎಲ್ಲಾ ತಿಳಕೋ’ ಎನ್ನುತ್ತಿದ್ದರಂತೆ. ದಸರೆಯ ಹೊತ್ತಿಗೆ ಟೇಕ್, ಪುಟ್, ಗೆಟ್ ಮುಗಿದಿದ್ದವು. ದೀಪಾವಳಿ ಕಳೆದ ಮೇಲೆ ನಮ್ಮ ಮನೆಗೆ ಫಾಲ್ ಬಂತು.

ಇವರು ಅದನ್ನು ಸೀಮೆಸುಣ್ಣದಲ್ಲಿ ಕಣಜದ ಬಾಗಿಲ ಮೇಲೆ ಬರೆದರು. ಕಣಜ ಎಂದರೆ ಭತ್ತ ತುಂಬುವ ಮರದ ಕೋಣೆ. ನಡುಮನೆಯಲ್ಲಿ ಅದರದ್ದೇ ದೊಡ್ಡ ಬಾಗಿಲು. ನಡುವೆ ದಪ್ಪಕ್ಷರದಲ್ಲಿ ಫಾಲ್, ಸುತ್ತಲೂ ಅದರ ಅರ್ಥಗಳು, ಕೆಳಗೆ ಅದರ ಅಣ್ಣತಮ್ಮಂದಿರು, ಎಲ್ಲ ಕನ್ನಡ ಅಕ್ಷರದಲ್ಲೇ. ನನಗೆ ಏಳನೇ ತರಗತಿಯ ತನಕ ಓದಿದ ಅಕ್ಷರಜ್ಞಾನವಿತ್ತು. ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ಅವರು ಬಾಗಿಲಿಗೆ ಬೆನ್ನು ಹಾಕಿ ಕೂರುವುದು, ನಾನು ಬಾಗಿಲು ನೋಡಿಕೊಂಡು ಪ್ರಶ್ನೆ ಕೇಳುವುದು. ಗಂಡನಿಗೆ ಪರೀಕ್ಷೆ ಮಾಡುವ ಸುಖ ಎಲ್ಲ ಹೆಂಡಂದಿರಿಗೂ ಸಿಗುವುದಿಲ್ಲ. ತಪ್ಪಿದರೆ ನಾನು ಸೌಟು ತೋರಿಸುತ್ತಿದ್ದೆ.

ಅತ್ತೆ ಪಕ್ಕದಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಾ ಕೇಳುತ್ತಿದ್ದರು. ಮೊದಲ ದಿನವೇ ಅವರಿಗೆ ಇಂಗ್ಲಿಷರ ಬಗ್ಗೆ ಕನಿಕರ ಹುಟ್ಟಿತು.

‘ಮಳೆಗೂ ಅದೇಯೇನೋ ತಮ್ಮಾ?’

‘ಹೌದವ್ವ. ಮಳೆಗೂ ಫಾಲ್, ಎಲೆಗೂ ಫಾಲ್, ಗೋಡೆಗೂ ಫಾಲ್, ಕತ್ತಲೆಗೂ ಫಾಲ್.’

‘ಬಡವರು ಕಣೋ ಪಾಪ. ಒಂದೇ ಮಾತು ಇಟ್ಕಂಡು ಅದೆಂಗೆ ರಾಜ್ಯಭಾರ ಮಾಡಿದ್ರೋ. ನಮಗೆ ನೋಡು, ಮಳೆ ಸುರಿತದೆ, ಎಲೆ ಉದುರ್ತದೆ, ಗೋಡೆ ಕುಸಿತದೆ, ಕತ್ತಲೆ ಕವಿತದೆ. ಒಂದೊಂದಕ್ಕೆ ಒಂದೊಂದು ಐತೆ.’

‘ಅವರಿಗೂ ಇದಾವೆ. ಡ್ರಾಪ್, ಟಂಬಲ್, ಸಿಂಕ್, ಕೊಲ್ಯಾಪ್ಸ್. ಆದ್ರೆ ಫಾಲ್ ಅಂದ್ರೆ ಎಲ್ಲದಕ್ಕೂ ನಡೀತದೆ.’

ಅಂದು ಮೂವರೂ ನಕ್ಕೆವು. ಆ ಮನೆಯಲ್ಲಿ ಆ ಪದಕ್ಕೆ ಮೂವರೂ ಕೂಡಿ ನಕ್ಕದ್ದು ಅದೇ ಮೊದಲು, ಅದೇ ಕೊನೆ.

ಭಾನುವಾರದಿಂದ ಭಾನುವಾರಕ್ಕೆ ಬಾಗಿಲು ತುಂಬುತ್ತಾ ಹೋಯಿತು. ಬೆಲೆ ಇಳಿದರೆ ಫಾಲ್. ದನಿ ತಗ್ಗಿದರೆ ಫಾಲ್. ಮುಖ ಬಾಡಿದರೆ ಫಾಲ್. ಯುದ್ಧದಲ್ಲಿ ಸಿಪಾಯಿ ಸತ್ತರೆ ಫಾಲ್, ಕೋಟೆ ಶತ್ರುವಿನ ಕೈಸೇರಿದರೆ ಫಾಲ್, ದೊರೆತನ ಹೋದರೆ ಫಾಲ್. ಓದಿನಲ್ಲಿ ಹಿಂದುಳಿದರೆ ಫಾಲ್ ಬಿಹೈಂಡ್, ಅಳತೆಗೆ ಕಡಿಮೆಯಾದರೆ ಫಾಲ್ ಶಾರ್ಟ್, ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದರೆ ಫಾಲ್ ಔಟ್, ಹಿಡಿದ ಕೆಲಸ ಕೆಟ್ಟರೆ ಫಾಲ್ ಥ್ರೂ. ಮನುಷ್ಯ ನಿದ್ದೆಹೋದರೂ ಬೀಳುತ್ತಾನೆ, ಮಾತು ನಿಲ್ಲಿಸಿದರೂ ಬೀಳುತ್ತಾನೆ, ಕಾಯಿಲೆಯಾದರಂತೂ ಬಿದ್ದೇ ಬೀಳುತ್ತಾನೆ. ಅದೊಂದರಲ್ಲಿ ಅವರಿಗೂ ನಮಗೂ ಭೇದವಿಲ್ಲ; ನಮ್ಮಲ್ಲೂ ಕಾಯಿಲೆ ಬೀಳುವುದೇ.

‘ಒಳ್ಳೇದಕ್ಕೆ ಬೀಳೋದು ಒಂದಾದರೂ ಇಲ್ಲೇನ್ರಿ ಇದರಾಗ?’ ಎಂದು ಒಂದು ಸಂಜೆ ಕೇಳಿದೆ.

ಅವರು ಅವ್ವನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ‘ಪ್ರೀತಿಗೂ ಫಾಲ್ ಅಂತಾರೆ’ ಎಂದು ಹೇಳಿ ಕಿವಿ ಕೆಂಪು ಮಾಡಿಕೊಂಡರು. ಅಲ್ಲೂ ಬೀಳುವುದೇ ಎಂದು ನನಗೆ ನಗು ಬಂತು. ನಗುವಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಸಣ್ಣ ಕೆಮ್ಮು, ಗಂಟಲಲ್ಲಿ ಹೊಟ್ಟು ಸಿಕ್ಕಿದ ಹಾಗೆ. ಸುಗ್ಗಿಯ ಕಾಲ, ಹೊಟ್ಟೇ ಇರಬೇಕು ಎಂದುಕೊಂಡೆ.

ಅತ್ತೆಗೆ ಆ ಬಾಗಿಲು ಬೇಡವಾಗತೊಡಗಿತು. ‘ದೀಪ ಹಚ್ಚೋ ಹೊತ್ನಾಗೆ ಬೀಳೋದು, ಸಾಯೋದು ಅಂತ ಮಾತಾಡಬ್ಯಾಡ್ರೋ. ಅಸ್ತು ದೇವತೆಗಳು ತಿರುಗಾಡ್ತಿರ್ತವೆ, ಅಸ್ತು ಅಂದುಬಿಟ್ರೆ ಆತು’ ಎನ್ನುತ್ತಿದ್ದರು. ಹಾಗೆಂದು ಅಳಿಸಲೂ ಬಿಡಲಿಲ್ಲ. ಅಕ್ಷರವೆಂದರೆ ಸರಸ್ವತಿ, ಒರೆಸಬಾರದು. ಭತ್ತ ತೆಗೆಯಲು ಹೋದಾಗ ಆ ಕಡೆ ಮುಖ ತಿರುಗಿಸಿಕೊಂಡು ಅಗುಳಿ ತೆಗೆಯುತ್ತಿದ್ದರು. ಓದಲು ಬಾರದವರು ಅಕ್ಷರಕ್ಕೆ ಅಷ್ಟು ಹೆದರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ದಿನ ಇವರು ಬರೆಯುತ್ತಿದ್ದಾಗ ಹಲ್ಲಿಯೊಂದು ಜಂತೆಯಿಂದ ಇವರ ಹೆಗಲ ಮೇಲೆ ಬಿತ್ತು. ಅತ್ತೆ ಅಯ್ಯನವರ ಮನೆಗೆ ಹೋಗಿ ಪಂಚಾಂಗದಲ್ಲಿ ಅದರ ಫಲ ಏನಿದೆಯೆಂದು ಕೇಳಿಕೊಂಡು ಬಂದರು. ಏನಿತ್ತೆಂದು ನಮಗೆ ಹೇಳಲಿಲ್ಲ. ತಲೆಗೆ ನೀರು ಹಾಕಿಕೋ ಎಂದರು, ಅಷ್ಟೆ.

ಕೊಯ್ಲು ಮುಗಿದು ಹುಲ್ಲಿನ ಬಣವೆ ಏಳುವ ಹೊತ್ತಿಗೆ ಕೆಮ್ಮು ಮನೆಯವರಲ್ಲಿ ಒಬ್ಬನಾಗಿತ್ತು. ಸಂಜೆಯಾದರೆ ಮೈ ಬಿಸಿ, ಬೆಳಗಾದರೆ ಬೆವರು. ಅಂಗಿಯ ಕಾಲರು ಕೊರಳಿಗೆ ದೊಡ್ಡದಾಯಿತು. ನಾಟಿ ಔಷಧಿ ಕೊಡುವವರು ಕಷಾಯ ಕೊಟ್ಟರು, ಆಡುಸೋಗೆ ಎಲೆ ಅರೆದು ಕುಡಿಸಿದ್ದಾಯಿತು. ಏನೂ ಹಿಡಿಯಲಿಲ್ಲ. ಪರೀಕ್ಷೆ ಮಾಡಲು ಕುಳಿತರೆ ನನ್ನ ಕಣ್ಣು ಬಾಗಿಲ ಮೇಲೆ ನಿಲ್ಲುತ್ತಿರಲಿಲ್ಲ, ಇವರ ಬೆನ್ನ ಮೇಲೆ ನಿಲ್ಲುತ್ತಿತ್ತು. ಅಂಗಿಯೊಳಗಿಂದ ಹೆಗಲಮೂಳೆ ಎರಡೂ ಎದ್ದು ಕಾಣುತ್ತಿದ್ದವು. ದನಿ, ಮುಖ, ತೂಕ, ಆ ಬಾಗಿಲ ಮೇಲಿದ್ದ ಒಂದೊಂದೂ ನನ್ನ ಗಂಡನ ಮೈಮೇಲೆ ನಡೆಯುತ್ತಿದೆ ಎಂದು ನನಗೆ ಅನ್ನಿಸಿತು. ಹೆದರಿಕೆಯಾಯಿತು. ಅಲ್ಲಿಯವರೆಗೆ ನಾನು ಯಾವುದಕ್ಕೂ ಅಷ್ಟು ಹೆದರಿದವಳಲ್ಲ.

‘ಶಿವಮೊಗ್ಗದ ದೊಡ್ಡಾಸ್ಪತ್ರಿಗೆ ಹೋಗೋಣ್ರಿ. ಎದಿ ಫೋಟೋ ತೆಗೀತಾರಂತ’ ಎಂದೆ.

ಇವರು ಅವ್ವನ ಮುಖ ನೋಡಿದರು. ಅತ್ತೆ ಮೊರ ಕೆಳಗಿಟ್ಟು, ‘ದೇವರನ್ನ ಕೇಳಾನ’ ಎಂದರು. ಕೇಳಿದ್ದೇ ತಡ, ಇವರು ‘ಹ್ಞೂ, ಕೇಳಾನ’ ಎಂದುಬಿಟ್ಟರು. ಆ ಅವಸರ ನನಗೆ ಹಿಡಿಸಲಿಲ್ಲ.

ಯಾಕೆ ಕೇಳಬೇಕು ಎಂಬುದನ್ನು ಇವರೇ ಆಮೇಲೆ ಹೇಳಿದರು. ಇವರು ಚಿಕ್ಕವರಿದ್ದಾಗ ಮಾವನವರಿಗೆ ಹೊಟ್ಟೆನೋವು ಬಂದು ಒದ್ದಾಡಿದ್ದರಂತೆ. ಆಸ್ಪತ್ರೆಗೆ ಒಯ್ಯಬೇಕೇ ಎಂದು ಊರ ವೀರಭದ್ರ ದೇವರ ಹತ್ತಿರ ಹೂ ಕೇಳಿದರು. ಎಡಕ್ಕೆ ಆಯಿತು, ಎಂದರೆ ಬೇಡ. ಮಾವನ ಅಣ್ಣ ಒಬ್ಬರು ಕೇಳಲಿಲ್ಲ, ಗಾಡಿ ಕಟ್ಟಿಸಿದರು. ಗಾಡಿ ಸೊರಬ ಮುಟ್ಟುವ ಮೊದಲೇ ಮಾವ ಅತ್ತೆಯ ತೊಡೆಯ ಮೇಲೆ ತೀರಿಕೊಂಡರು. ‘ದೇವರು ಬೇಡ ಅಂದಿದ್ದ’ ಎಂದು ಇವರು ಮಾತು ಮುಗಿಸಿದರು. ನೋವು ತಡೆಯದೆ ಸತ್ತರೋ, ಗಾಡಿಯ ಕುಲುಕಾಟಕ್ಕೆ ಸತ್ತರೋ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಸೋಮವಾರ ಬೆಳಿಗ್ಗೆ ಗುಡಿಗೆ ಹೋದೆವು. ಗರ್ಭಗುಡಿ ಇಕ್ಕಟ್ಟು, ಒಂದೇ ದೀಪ. ಪೂಜಾರಿ ಮೂರ್ತಿಗೆ ನೀರೆರೆದು, ಒದ್ದೆ ಕಲ್ಲಿನ ಎರಡೂ ಭುಜಕ್ಕೆ ಕಣಗಿಲೆಯ ಎಸಳುಗಳನ್ನು ಅಂಟಿಸಿದರು. ‘ಹೊರಗಿನ ಔಷಧಿಗೆ ಹೋಗೋದು ನಿನ್ನ ಚಿತ್ತವಾದ್ರೆ ಬಲಕ್ಕೆ ಕೊಡಪ್ಪಾ, ಬ್ಯಾಡವಾದ್ರೆ ಎಡಕ್ಕೆ ಕೊಡು’ ಎಂದು ಗಟ್ಟಿಯಾಗಿ ಕೇಳಿಕೊಂಡು ಪಕ್ಕಕ್ಕೆ ಸರಿದರು. ಆಮೇಲೆ ಕಾಯುವುದು. ಹೂ ಕೇಳುವಾಗ ಕಾಯುವುದು ಎಂದರೆ ಏನೆಂದು ಕಾದವರಿಗೇ ಗೊತ್ತು. ಉಸಿರು ಬಿಟ್ಟರೆ ಎಲ್ಲಿ ಹೂವು ಅಲುಗುತ್ತದೋ ಎಂದು ಉಸಿರು ಹಿಡಿದು ನಿಂತಿರಬೇಕು. ಇವರಿಗೆ ಕೆಮ್ಮು ಬಂತು; ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡರು. ನಾನು ಬಲಗಡೆಯ ಎಸಳುಗಳನ್ನೇ ನೋಡುತ್ತಾ, ಬಾ, ಬಾ ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದೆ.

ಎಡಗಡೆಯದು ಕಳಚಿ ಕೆಳಗೆ ಬಂತು.

‘ಎಡಕ್ಕಾತು’ ಎಂದರು ಪೂಜಾರಿ. ‘ಎಡಕ್ಕೆ ಕೊಟ್ಟ’ ಎಂದರು ಅತ್ತೆ, ಸೆರಗು ಹೊದ್ದು ಕೈಮುಗಿದು. ನಮ್ಮ ಕಡೆ ದೇವರ ಹೂವಿಗೆ ಬಿತ್ತು ಎಂದು ಯಾರೂ ಹೇಳುವುದಿಲ್ಲ. ಹೂವು ಆಗುತ್ತದೆ, ದೇವರು ಕೊಡುತ್ತಾನೆ. ನಾನೂ ಹುಟ್ಟಿದಾಗಿನಿಂದ ಹಾಗೆಯೇ ಹೇಳಿದವಳು. ಆದರೆ ಅವತ್ತು ನನ್ನ ತಲೆಯೊಳಗೆ ಬಂದದ್ದು ಬೇರೆ. ಕಣಜದ ಬಾಗಿಲ ಮೇಲೆ ಎಲೆ, ಹೂವು, ಹಣ್ಣು ಎಂದು ಬರೆದು ಮುಂದೆ ಫಾಲ್ ಎಂದಿತ್ತಲ್ಲ, ಅದು. ಅಲ್ಲಿ ಕೊಡುವವನು ಯಾರೂ ಇರಲಿಲ್ಲ. ಹೂವು, ಅದು ಬೀಳುವುದು, ಎರಡೇ. ಹಾಗೆ ಅನ್ನಿಸಿದ್ದೇ ತಡ, ಅಲ್ಲಿಯವರೆಗೆ ಕಾಣದ್ದು ಕಣ್ಣಿಗೆ ಕಂಡಿತು. ದೀಪ ಇದ್ದದ್ದು ಎಡಗಡೆ, ಮೂರ್ತಿಯ ಭುಜಕ್ಕೆ ತಾಗುವಷ್ಟು ಹತ್ತಿರ. ಆ ಕಡೆಯ ಕಲ್ಲು ಆಗಲೇ ಒಣಗಿ ಬಿಳುಪಾಗಿತ್ತು. ಬಲಗಡೆ ಇನ್ನೂ ನೀರು ಇಳಿಯುತ್ತಿತ್ತು. ಇಂಥದ್ದನ್ನು ಕಾಣಬಾರದಿತ್ತು ಎಂದೂ ಅನ್ನಿಸಿತು, ಕಂಡದ್ದು ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಮಧ್ಯಾಹ್ನ ಅತ್ತೆ ಕಣದ ಕಡೆ ಹೋದಾಗ ಇವರ ಮುಂದೆ ಕುಳಿತು ಹೇಳಿದೆ.

‘ದೀಪ ಎಡಕ್ಕಿತ್ತುರೀ. ಕಾವಿಗೆ ಒಣಗಿ ಬಿತ್ತು, ಅಷ್ಟ. ನೀವ ಹೇಳಿದ್ರಲ್ಲ, ಫಾಲ್ ಅಂದ್ರ ಬೀಳೋದು, ಎಲಿಗೂ ಅದ, ಹೂವಿಗೂ ಅದ ಅಂತ.’

ಇವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ‘ಅದು ಪರೀಕ್ಷೆಗೆ ಓದೋದು ಕಣೆ’ ಎಂದರು. ‘ಮನೆ ನಡೆಸೋದಕ್ಕಲ್ಲ.’

‘ಹಂಗಾರ ಸಾಯ್ತೀರೇನ್ರಿ, ಹೂವಿನ ಮಾತು ಕೇಳಿ?’

ಸಾಯುವುದು ಎಂಬ ಮಾತನ್ನು ಗಂಡನ ಎದುರು ಆಡಿದ್ದು ಅದೇ ಮೊದಲು. ಅವರು ಗೋಡೆಯ ಕಡೆ ತಿರುಗಿ, ‘ಆಸ್ಪತ್ರೆಗೆ ಹೋದರೆ ಅದಕ್ಕೊಂದು ಹೆಸರು ಇಡ್ತಾರೆ. ಆ ಹೆಸರು ಗೊತ್ತಾದರೆ ಮಕ್ಕಳ ಮುಂದೆ ನಿಂತ್ಕಳಾಕೆ ನನ್ನ ಯಾರು ಬಿಡ್ತಾರೆ? ಊರಾಗೆ ನಮ್ಮನೆ ನೀರು ಯಾರು ಮುಟ್ತಾರೆ?’ ಎಂದರು. ಆಗ ನನಗೆ ತಿಳಿಯಿತು. ಅವರಿಗೆ ಆ ಹೂವು ಬೇಕಾಗಿತ್ತು. ಎಡಕ್ಕೆ ಆಗಲಿ ಎಂದೇ ಅವರು ಕಾಯುತ್ತಾ ನಿಂತಿದ್ದರು. ಬಲಗಡೆಯ ಎಸಳನ್ನು ಕರೆಯುತ್ತಿದ್ದವಳು ಆ ಗುಡಿಯಲ್ಲಿ ನಾನೊಬ್ಬಳೇ. ಸಿಟ್ಟು, ಅಳು, ಎರಡೂ ಒಟ್ಟಿಗೆ ಬಂದವು. ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದೆ.

ಅದಾದ ಮೇಲಿನ ದಿನಗಳು ಹೇಗೆ ಕಳೆದವೋ ಕೇಳಬೇಡಿ. ಇವರು ಶಾಲೆಗೆ ಹೋಗುವುದು ನಿಂತಿತು. ನಾನು ಬಾಗಿಲು ನೋಡಿ ಪ್ರಶ್ನೆ ಕೇಳುವುದೂ ನಿಂತಿತು. ಅತ್ತೆ ಹೊತ್ತು ಹೊತ್ತಿಗೆ ವಿಭೂತಿ ತಂದು ಮಗನ ಹಣೆಗೆ ಹಚ್ಚುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು, ಹಸುವಿನ ಹಾಲಿಗೆ ಅರಿಶಿನ ಹಾಕಿ ಕುಡಿಸುತ್ತಿದ್ದರು. ಮಗ ಗೋಡೆಗೆ ಒರಗಿ ಕುಳಿತಿದ್ದಾಗ ದೂರದಿಂದ ನೋಡುತ್ತಾ ನಿಲ್ಲುತ್ತಿದ್ದರು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಿಗೂ ಮೂವರೂ ಬೆಚ್ಚುತ್ತಿದ್ದೆವು.

ಒಂದು ಬೆಳಿಗ್ಗೆ, ಬಿಸಿಲು ಏರಿದ ಮೇಲೆ, ಕಣದಲ್ಲಿ ಭತ್ತ ಒಕ್ಕಲು ರೋಣುಗಲ್ಲು ಕಟ್ಟಿ ಎತ್ತು ಹೊಡೆಯುತ್ತಿದ್ದರು. ಇವರು ಕೂತು ಕೂತು ಬೇಸರವಾಗಿದೆ ಎಂದು ಮೆಲ್ಲಗೆ ಬಂದು ಬಣವೆಯ ಪಕ್ಕ ನಿಂತರು. ಕೆಮ್ಮಿದರು. ಬಗ್ಗಿ ಮತ್ತೆ ಕೆಮ್ಮಿದರು. ಆಮೇಲೆ ಕಾಲಿನಿಂದ ಹುಲ್ಲು ಸರಿಸಿ ಏನನ್ನೋ ಮುಚ್ಚಿದರು. ನಾನು ಮೊರ ಬಿಟ್ಟು ಓಡಿದೆ. ನನಗಿಂತ ಮೊದಲು ಅತ್ತೆ ತಲುಪಿದ್ದರು. ಹುಲ್ಲು ಸರಿಸಿ ನೋಡಿದರು. ಹೊಸ ಹುಲ್ಲಿನ ಮೇಲೆ ಕೆಂಪು ಚೆನ್ನಾಗಿ ಕಾಣುತ್ತದೆ.

ಅತ್ತೆ ಸೀದಾ ಕಣಕ್ಕೆ ನಡೆದರು. ಎತ್ತುಗಳನ್ನು ರೋಣುಗಲ್ಲಿನಿಂದ ಬಿಚ್ಚಿ, ತಾವೇ ಹೊಡೆದುಕೊಂಡು ಹೋಗಿ ಗಾಡಿಗೆ ಹೂಡಿದರು. ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಮಗನ ಕಡೆ ತಿರುಗಿ ‘ಹತ್ತು’ ಎಂದರು.

‘ಅವ್ವ, ಎಡಕ್ಕಾಗೈತಲ್ಲ.’

‘ಹ್ಞೂ, ಆಗೈತೆ. ನಾನೂ ಕಂಡೀನಿ.’

‘ಅಪ್ಪನ್ನೂ ಹಿಂಗೇ ಮೀರಿ...’

‘ಅದನ್ನೂ ಕಂಡೀನಿ. ನನ್ನ ತೊಡೆ ಮೇಲೇ ಕಂಡೀನಿ. ಹತ್ತು ಅಂದ್ನಲ್ಲ.’

ಅವರಿಗೆ ಧೈರ್ಯ ಹೇಳೋಣ ಎಂದುಕೊಂಡು ನಾನು ಮಧ್ಯೆ ಬಾಯಿ ಹಾಕಿದೆ. ‘ಅತ್ತೀ, ಅದು ದೇವರು ಬ್ಯಾಡ ಅಂದದ್ದಲ್ಲರೀ. ದೀಪದ ಕಾವಿಗೆ ಎಡಗಡಿ ಒಣಗಿ...’

ಅತ್ತೆ ತಿರುಗಿದರು. ‘ಏ ಶಿಕಾರಿಪುರದೋಳೆ, ಬಾಯಿ ಮುಚ್ಚು. ಎಡಕ್ಕೆ ಕೊಟ್ಟೋನು ಅವನೇ, ಬ್ಯಾಡ ಅಂದೋನೂ ಅವನೇ. ಮೀರ್ತಿರೋಳು ನಾನು. ನೀನಲ್ಲ, ನನ್ನ ಮಗನೂ ಅಲ್ಲ.’

ಗಾಡಿ ಗುಡಿಯ ಮುಂದೆ ಬಂದಾಗ ಅತ್ತೆ ನಿಲ್ಲಿಸು ಎಂದು ಇಳಿದರು. ಒಳಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಪಕ್ಕದ ಗದ್ದೆಯವನಿಗೆ ಕೂಗಿ ಹೇಳುವಂತೆ, ‘ಯಪ್ಪಾ, ಇವನು ಹೋಗಾಕೆ ಒಪ್ಪಲಿಲ್ಲ. ನಾನೇ ಎಳಕಂಡು ಹೋಗ್ತಿದೀನಿ. ಕೇಳೋದಿದ್ರೆ ನನ್ನ ಕೇಳು, ಕೊಡೋದಿದ್ರೆ ನನಗೆ ಕೊಡು’ ಎಂದರು. ಕೈ ಮುಗಿಯಲಿಲ್ಲ. ತಿರುಗಿ ಬಂದು ಗಾಡಿ ಹತ್ತಿ, ಸೊರಬ ಮುಟ್ಟುವ ತನಕ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾ ಕುಳಿತಿದ್ದರು. ಎತ್ತು ಹೊಡೆದವಳು ನಾನು. ಹೂವನ್ನು ನಂಬದೆ ಹೋಗುವುದು ನನಗೆ ಸುಲಭವಿತ್ತು, ನಾನು ದೀಪ ನೋಡಿದ್ದೆ. ನಂಬಿಯೂ ಮೀರುವುದು ಎಂದರೆ ಏನು ಎಂಬುದನ್ನು ಆ ದಾರಿಯುದ್ದಕ್ಕೂ ಬೆನ್ನ ಹಿಂದೆ ಕೇಳಿಸಿಕೊಂಡೆ. ಅತ್ತೆಯ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು, ಚಳಿಯೇ ಇಲ್ಲದ ಬಿಸಿಲಿನಲ್ಲಿ.

ಸೊರಬದಿಂದ ಬಸ್ಸು, ಶಿಕಾರಿಪುರದಲ್ಲಿ ನಮ್ಮಪ್ಪ ಜೊತೆಯಾದರು, ಅಲ್ಲಿಂದ ಶಿವಮೊಗ್ಗ. ಎದೆಯ ಫೋಟೋ ತೆಗೆದರು. ಇವರು ಹೆದರಿದ್ದ ಹೆಸರನ್ನೇ ಇಟ್ಟರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು, ಈಗ ಸೂಜಿಮದ್ದು ಬಂದಿದೆ, ಹೆದರಬೇಡಿ ಎಂದರು ಡಾಕ್ಟರು. ತಿಂಗಳುಗಟ್ಟಲೆ ಸೂಜಿ. ನಾನು ನೆಂಟರೊಬ್ಬರ ಮನೆಯಲ್ಲಿ ಉಳಿದು ಬುತ್ತಿ ಒಯ್ಯುತ್ತಿದ್ದೆ. ಅತ್ತೆ ಮಾತ್ರ ಮಗನನ್ನು ಮಂಚಕ್ಕೆ ಒಪ್ಪಿಸಿದ ದಿನವೇ ಊರಿಗೆ ಹೊರಟರು. ‘ನಾ ಹತ್ರ ಇರಬಾರದು’ ಎಂದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಇವರು ಮೈ ತುಂಬಿಕೊಂಡು ಮನೆಗೆ ಬಂದರು. ಶಾಲೆಯವರು ಮತ್ತೆ ಸೇರಿಸಿಕೊಂಡರು. ಹೆದರಿದಷ್ಟು ಏನೂ ಆಗಲಿಲ್ಲ. ಮರುವರ್ಷ ಪರೀಕ್ಷೆಗೆ ಕುಳಿತು ಇಂಗ್ಲಿಷಿನಲ್ಲೂ ಪಾಸಾದರು. ಪ್ರಶ್ನೆಪತ್ರಿಕೆಯಲ್ಲಿ ಫಾಲ್ ಬಂದಿರಲೇ ಇಲ್ಲವಂತೆ. ಅಷ್ಟು ಕಾಟ ಕೊಟ್ಟದ್ದು ಕೊನೆಗೆ ಕೆಲಸಕ್ಕೂ ಬರಲಿಲ್ಲ ಎಂದು ನಾನು ಹಂಗಿಸಿದೆ. ಇವರು ನಕ್ಕರು. ನಮ್ಮಿಬ್ಬರ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಅತ್ತೆಯ ಪಾಲಿಗೆ ಆಗಷ್ಟೇ ಶುರುವಾಗಿತ್ತು. ಅವರು ಕಾಯುತ್ತಿದ್ದರು. ಮೊದಮೊದಲು ನನಗೆ ಗೊತ್ತಾಗಲಿಲ್ಲ. ಗುಡಿಗೆ ನಾವು ಹೋದರೆ ಅವರು ಮೆಟ್ಟಿಲ ಕೆಳಗೇ ಕೂರುತ್ತಿದ್ದರು. ‘ಮೀರಿದೋಳು ಒಳಗೆ ಬರಬಾರದು’ ಎನ್ನುತ್ತಿದ್ದರು. ಅದು ಸರಿ ಎಂದುಕೊಂಡೆ. ಆಮೇಲೆ ಒಂದು ಕರು ಸತ್ತಿತು. ಅತ್ತೆ ಅದರ ಪಕ್ಕ ಕುಳಿತು, ತಲೆ ಅಲ್ಲಾಡಿಸಿ, ‘ಇದಲ್ಲ’ ಎಂದರು. ಯಾವುದು ಅಲ್ಲ ಎಂದು ಕೇಳಿದರೆ ಎದ್ದು ಗದ್ದೆಯ ಕಡೆ ಹೊರಟರು. ಬೇಸಿಗೆಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ತಗುಲಿ ಊರೆಲ್ಲ ನೀರು ಹೊತ್ತು ಓಡಿದಾಗ ಅವರು ಬೆಂಕಿಯನ್ನು ನೋಡುತ್ತಾ ನಿಂತು, ‘ಇದೂ ಅಲ್ಲ’ ಎಂದರು. ಆಗ ನನಗೆ ಅರ್ಥವಾಯಿತು. ದೇವರ ಮಾತು ಮೀರಿದ್ದಕ್ಕೆ ಬರಬೇಕಾದದ್ದು ಇನ್ನೂ ಬಂದಿಲ್ಲ ಎಂದು ಅವರು ಬಾಗಿಲು ನೋಡಿಕೊಂಡು ಕುಳಿತಿದ್ದರು. ಇವರು ಒಮ್ಮೆ ಸೀನಿದರೆ ಸಾಕು, ಗದ್ದೆಯ ಆ ಬದುವಿನಿಂದ ಓಡಿ ಬರುತ್ತಿದ್ದರು. ನಿದ್ದೆ ಕಡಿಮೆಯಾಯಿತು, ಊಟ ಕಡಿಮೆಯಾಯಿತು.

ಹಾಗಿರುವಾಗ ನಾನು ಬಸುರಿಯಾದೆ. ಬೇರೆ ಅತ್ತೆಯಾಗಿದ್ದರೆ ಸಕ್ಕರೆ ಹಂಚುತ್ತಿದ್ದರು. ನಮ್ಮತ್ತೆ ಸುದ್ದಿ ಕೇಳಿ ಮುಖ ಬೆಳ್ಳಗೆ ಮಾಡಿಕೊಂಡು, ‘ಅಯ್ಯೋ, ಅವನಿಗೆ ಇದೊಂದು ದಾರಿ ತೆಗೆದ್ಯಲ್ಲೇ ಹುಡುಗಿ’ ಎಂದರು. ನಾನು ಹೂವು ಬಿದ್ದದ್ದಷ್ಟೇ ಎಂದು ಹೇಳಿದವಳು, ದೀಪ ಎ‌ಡಕ್ಕಿತ್ತು ಎಂದು ವಾದಿಸಿದವಳು. ಆ ಒಂಬತ್ತು ತಿಂಗಳು ನನಗೆ ಯಾವ ವಾದವೂ ನೆನಪಿಗೆ ಬರಲಿಲ್ಲ. ನಿಜ ಹೇಳುತ್ತೇನೆ, ಅತ್ತೆಯ ಹೆದರಿಕೆ ನನಗೂ ಅಂಟಿತು. ಹೊಟ್ಟೆಯೊಳಗಿನ ಮಗು ಒಂದು ದಿನ ಅಲುಗದಿದ್ದರೆ ನಾನೂ ಗುಡಿಯ ದಿಕ್ಕಿಗೆ ನೋಡುತ್ತಿದ್ದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟಾಗ ಅತ್ತೆ ಗಾಡಿಯವರೆಗೂ ಬರಲಿಲ್ಲ. ಒಳಗಿನಿಂದಲೇ ‘ಹೋಗಿ ಬಾ’ ಎಂದರು.

ಹೆಣ್ಣುಮಗು, ಗುಂಡುಕಲ್ಲಿನಂತೆ ಹುಟ್ಟಿತು. ಕರೆದುಕೊಂಡು ಬಂದೆವು. ಅತ್ತೆ ಹೊಸಿಲಲ್ಲಿ ಆರತಿ ಎತ್ತಲಿಲ್ಲ, ಪಕ್ಕದ ಮನೆಯವರಿಂದ ಎತ್ತಿಸಿದರು. ಮಗುವನ್ನು ಮುಟ್ಟಲೂ ಇಲ್ಲ. ತೊಟ್ಟಿಲಿಗೆ ಹಗ್ಗ ಕಟ್ಟಿ ದೂರದಿಂದ ತೂಗುತ್ತಿದ್ದರು. ಮಗು ಅತ್ತರೆ ನನ್ನನ್ನು ಕೂಗುತ್ತಿದ್ದರೇ ಹೊರತು ತಾವು ಎತ್ತುತ್ತಿರಲಿಲ್ಲ. ‘ಒಂದು ಸಲ ಎತ್ಕೊಳ್ರಿ ಅತ್ತೀ’ ಎಂದು ನಾನು ಕೈಗೆ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು ಸರಿದುಬಿಡುತ್ತಿದ್ದರು. ‘ಬ್ಯಾಡ. ಅವನು ನನ್ನ ಹುಡುಕ್ತಾ ಅವನೆ. ನನ್ನ ಹುಡುಕಿ ಬಂದಾಗ ನನ್ನ ಕೈಯಾಗೆ ಇದು ಇರಬಾರದು.’ ಮೊಮ್ಮಗಳ ನೆತ್ತಿ ಮೂಸಲು ಅವರಿಗೆ ಎಷ್ಟು ಆಸೆಯಿತ್ತೆಂಬುದು ನನಗೆ ಗೊತ್ತು. ಒಗೆಯಲು ಹಾಕಿದ ಮಗುವಿನ ಬಟ್ಟೆಗಳನ್ನು ಹಿತ್ತಿಲಲ್ಲಿ ಮುಖಕ್ಕೆ ಒತ್ತಿಕೊಂಡು ನಿಂತಿದ್ದನ್ನು ನಾನೇ ನೋಡಿದ್ದೇನೆ.

ಮಗು ಕೂರಲು ಕಲಿಯುವ ಹೊತ್ತಿಗೆ ಅತ್ತೆ ನಡುವಿಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಓಡಾಡುವುದು ಕಂಡಿತು. ಕೇಳಿದರೆ ಸೊಂಟನೋವು ಎಂದರು. ಸೊಂಟನೋವಲ್ಲ. ಒಂದು ದಿನ ನಾನು ಬಲವಂತವಾಗಿ ಮುಟ್ಟಿ ನೋಡಿದಾಗ ಹೊಟ್ಟೆಯ ಬಲಗಡೆ ಗಡ್ಡೆ, ಕಲ್ಲಿನ ಹಾಗೆ. ಈ ಸಲ ಯಾರನ್ನೂ ಕೇಳದೆ ನಾನೂ ಇವರೂ ಅವರನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋದೆವು. ಮಗು ನನ್ನ ಸೊಂಟದ ಮೇಲಿತ್ತು. ಡಾಕ್ಟರು ನೋಡಿ, ನಮ್ಮಿಬ್ಬರನ್ನೂ ಜಗಲಿಗೆ ಕರೆದು, ಕೈ ಮೀರಿದೆ, ಇನ್ನು ನೋವು ಕಡಿಮೆಯಾಗುವುದಕ್ಕೆ ಮಾತ್ರ ಔಷಧಿ ಕೊಡಬಹುದು ಎಂದರು. ಇವರು ಕಂಬ ಹಿಡಿದುಕೊಂಡು ಅಳತೊಡಗಿದರು. ಹೇಳುವ ಕೆಲಸ ನನಗೆ ಉಳಿಯಿತು.

ಅತ್ತೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನ ಮುಖ ನೋಡಿದ್ದೇ ‘ಎಂತ ಅಂದ್ರು? ಇದ್ದದ್ದು ಹೇಳು’ ಎಂದರು. ಅವರ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. ಇದ್ದದ್ದು ಹೇಳಿದೆ.

ಅವರು ಕಣ್ಣು ಮುಚ್ಚಿದರು. ಎರಡು ಮೂರು ವರ್ಷದಿಂದ ಬಿಗಿದುಕೊಂಡಿದ್ದ ಮುಖದ ಗಂಟುಗಳೆಲ್ಲ ನನ್ನ ಕಣ್ಣೆದುರಿಗೇ ಸಡಿಲವಾದವು. ದೊಡ್ಡದೊಂದು ಉಸಿರು ಬಿಟ್ಟು, ‘ಸದ್ಯ, ನನಗೇ ಬಂತು’ ಎಂದರು.

ಆಮೇಲೆ ಎರಡೂ ಕೈ ಚಾಚಿ, ‘ಕೊಡೇ ಇಲ್ಲಿ’ ಎಂದು ನನ್ನ ಸೊಂಟದ ಮೇಲಿದ್ದ ಮಗುವನ್ನು ಎತ್ತಿಕೊಂಡರು.